ತಂತಿಯಲ್ಲಿ ಹೊಲಿದ ದೋಣಿ

ಮನೆಯಲ್ಲೇ ಪ್ಲೈವುಡ್ ದೋಣಿ ಕಟ್ಟುವ ಹವ್ಯಾಸ ಶುರುವಾಗಲು ಮರಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ನೀರಿನಲ್ಲಿ ಬಿಡದ ಅಂಟು. ದಿಮ್ಮಿಯನ್ನು ತಿರುಗಿಸುತ್ತ ತೆಳ್ಳನೆ ಸುಲಿದು, ಒಂದು ಪದರದ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿದರೆ ಸೀಳದ, ಉಬ್ಬದ ಹಾಳೆ ಸಿಗುತ್ತದೆ ಎಂಬುದು ಹಳೆಯ ತಿಳಿವಳಿಕೆ. 1905ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ವಸ್ತುಪ್ರದರ್ಶನದಲ್ಲಿ ಇಂಥ ಹಾಳೆಗಳನ್ನು ಜನರೆದುರು ಇಟ್ಟಿದ್ದರು. ಆದರೆ ಆಗಿನ ಅಂಟು ಪ್ರಾಣಿಗಳ ಚರ್ಮ, ಮೂಳೆ ಅಥವಾ ಹಾಲಿನಿಂದ ತೆಗೆದದ್ದು. ಬಾಗಿಲಿಗೆ, ಚಹಾದ ಪೆಟ್ಟಿಗೆಗೆ ಅದು ಸಾಕಿತ್ತು. ಹೊಳೆಗಿಳಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು.

1934ರಲ್ಲಿ ವಾಷಿಂಗ್ಟನ್ ರಾಜ್ಯದ ಅಬರ್ಡೀನ್‌ನಲ್ಲಿ ಹಾರ್ಬರ್ ಪ್ಲೈವುಡ್ ಸಂಸ್ಥೆಯ ರಸಾಯನತಜ್ಞ ಜೇಮ್ಸ್ ನೆವಿನ್ ನೀರಿಗೆ ಜಗ್ಗದ ಅಂಟನ್ನು ರೂಪಿಸಿದ. ಹಿಂದೆಯೇ ಎರಡನೆಯ ಮಹಾಯುದ್ಧ ಬಂತು. ನ್ಯೂ ಆರ್ಲಿಯನ್ಸ್‌ನ ಆಂಡ್ರೂ ಹಿಗ್ಗಿನ್ಸ್ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳನ್ನು ಸಾವಿರಗಟ್ಟಲೆ ಪ್ಲೈವುಡ್‌ನಲ್ಲೇ ಕಟ್ಟಿದ. ಬ್ರಿಟನ್ನಿನ ಮಸ್ಕಿಟೊ ಯುದ್ಧವಿಮಾನದ ಮೈ ಕೂಡ ಪ್ಲೈವುಡ್, ಬಾಲ್ಸಾ ಮರಗಳದ್ದು. ಯುದ್ಧ ಮುಗಿದ ಮೇಲೆ ಒಳ್ಳೆಯ ಹಾಳೆ, ಒಳ್ಳೆಯ ಅಂಟು ಎರಡೂ ಸಾಮಾನ್ಯರ ಕೈಗೆಟುಕಿದವು.

ಕೆಲಸ ಮಾತ್ರ ಇನ್ನೂ ಬಡಗಿಯದೇ ಆಗಿತ್ತು. ಮೊದಲು ಪಕ್ಕೆಲುಬುಗಳ ಗೂಡು ನಿಲ್ಲಿಸಬೇಕು, ಆಮೇಲೆ ಅದಕ್ಕೆ ಹೊದಿಕೆ. ಇಂಗ್ಲೆಂಡಿನ ಪರ್ಸಿ ಬ್ಲ್ಯಾಂಡ್‌ಫರ್ಡ್‌ನ ನಕ್ಷೆಗಳು ಇದನ್ನು ಒಂದಿಷ್ಟು ಹಗುರ ಮಾಡಿದವು: ಪ್ಲೈವುಡ್ಡಿನ ಚೌಕಟ್ಟು, ಉದ್ದಕ್ಕೆ ಪಟ್ಟಿಗಳು, ಮೇಲೆ ಬಿಗಿದ ಕ್ಯಾನ್ವಾಸ್. ತತ್ತ್ವದಲ್ಲಿ ಇದು ತುಂಗಭದ್ರೆಯ ಹರಿಗೋಲಿಗೆ ದೂರದ ನೆಂಟ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿ ಕಂಡದ್ದೂ ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ದುಂಡು ದೋಣಿಗಳನ್ನೇ.

ಗೂಡನ್ನೇ ಕೈಬಿಟ್ಟ ಹೆಜ್ಜೆ ಇಂಗ್ಲೆಂಡಿನ ಕೆನ್ ಲಿಟಲ್‌ಡೈಕ್‌ನದು. ಅವನ ಕಯಾಕ್ ಹೆಚ್ಚುಕಡಿಮೆ ದರ್ಜಿಯ ಕ್ರಮದಲ್ಲಿ ತಯಾರಾಗುತ್ತಿತ್ತು. ಕಾಗದವನ್ನು ಕಡಲೆಕಾಯಿ ಪೊಟ್ಟಣವಾಗಿ ಸುತ್ತಬಹುದು, ಚೆಂಡಿನ ಮೇಲೆ ಸುಕ್ಕಿಲ್ಲದೆ ಹೊದಿಸಲಾಗದು. ಪ್ಲೈವುಡ್ಡೂ ಹಾಗೆಯೇ, ಒಮ್ಮೆಗೆ ಒಂದೇ ದಿಕ್ಕಿಗೆ ಬಾಗುತ್ತದೆ. ಹಾಗಾಗಿ ದೋಣಿಯ ಮೈಯನ್ನು ಉದ್ದುದ್ದನೆಯ ಕೆಲವೇ ತುಂಡುಗಳಾಗಿ ಹಾಳೆಯ ಮೇಲೆ ಬರೆದು ಕತ್ತರಿಸುತ್ತಾರೆ. ಎಂಟು ಅಡಿಯ ಹಾಳೆ ಸಾಲದಿದ್ದರೆ ಎರಡರ ಅಂಚನ್ನು ಇಳಿಜಾರಾಗಿ ಹೆರೆದು, ಒಂದರ ಮೇಲೊಂದಿಟ್ಟು ಬೆಸೆಯುತ್ತಾರೆ. ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು ತಾಮ್ರದ ತಂತಿ ಪೋಣಿಸಿ ತಿರುಚಿದರೆ, ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ತುಂಡುಗಳು ಎದ್ದು ದೋಣಿಯ ಆಕಾರ ತಾಳುತ್ತವೆ. ಆಕಾರವನ್ನು ನಿರ್ಧರಿಸುವುದು ಕತ್ತರಿಸಿದ ಗೆರೆ; ತಪ್ಪು ಗೆರೆಯನ್ನು ಯಾವ ತಂತಿಯೂ ಸರಿಪಡಿಸದು. ಒಳಗಿನ ಸಂದಿಗೆ ಗಾಜಿನ ನಾರಿನ ಪಟ್ಟಿ ಇಟ್ಟು ರಾಳ ಬಳಿದು, ಅದು ಗಟ್ಟಿಯಾದ ಮೇಲೆ ಹೊರಗೆ ಚಾಚಿದ ತಂತಿ ಕತ್ತರಿಸಿ, ಆ ಬದಿಗೂ ಪಟ್ಟಿ ಹಾಕುತ್ತಾರೆ.

ದೋಣಿಯನ್ನು ಹೊಲಿಯುವುದು ಅರಬ್ಬೀ ಸಮುದ್ರದ ದಡದವರಿಗೆ ಹೊಸದಲ್ಲ. ಇಲ್ಲಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು, ದೋಣಿ ಇರುವ ತನಕ ಆ ಹೊಲಿಗೆಯೇ ಹಲಗೆಗಳನ್ನು ಹಿಡಿದಿರುತ್ತಿತ್ತು. ಲಿಟಲ್‌ಡೈಕ್‌ನದು ಕಚ್ಚಾ ಹೊಲಿಗೆ, ಅಂಟು ಒಣಗುವವರೆಗಷ್ಟೇ ಅದರ ಕೆಲಸ.

ಈ ಕ್ರಮವನ್ನು ಮನೆಮನೆಗೆ ಒಯ್ದದ್ದು ಒಂದು ಪತ್ರಿಕೆ. ಬಿಬಿಸಿಯಲ್ಲಿ ಮನೆ ರಿಪೇರಿಯ ಕಾರ್ಯಕ್ರಮ ನಡೆಸುತ್ತಿದ್ದ ಬ್ಯಾರಿ ಬಕ್‌ನೆಲ್ ಮತ್ತು ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಸೇರಿ ರೂಪಿಸಿದ 10 ಅಡಿ 10 ಇಂಚಿನ ದೋಣಿಯನ್ನು 'ಡೈಲಿ ಮಿರರ್' 1963ರಲ್ಲಿ ಬಿಡುಗಡೆ ಮಾಡಿತು. ದೋಣಿಯ ಹೆಸರೂ ಮಿರರ್, ಹಾಯಿಯ ಕೆಂಪೂ ಪತ್ರಿಕೆಯದೇ. ಬಿಡಿಭಾಗಗಳ ಪೆಟ್ಟಿಗೆಯ ಬೆಲೆ 63 ಪೌಂಡ್ 11 ಷಿಲಿಂಗ್. ಹಾಯಿ ಕಟ್ಟಬಹುದಿತ್ತು, ಹುಟ್ಟು ಹಾಕಬಹುದಿತ್ತು, ಮೋಟಾರನ್ನೂ ಕೂರಿಸಬಹುದಿತ್ತು. ಇದುವರೆಗೆ 70,000ಕ್ಕೂ ಹೆಚ್ಚು ಮಿರರ್‌ಗಳು ಕಟ್ಟಲ್ಪಟ್ಟಿವೆ. ದೋಣಿವಿಹಾರ ಸಿರಿವಂತರ ಸೊತ್ತಾಗಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಅಮೆರಿಕದಲ್ಲಿ ಫಿಲ್ ಬೋಲ್ಗರ್‌ನ ವಿನ್ಯಾಸಗಳನ್ನು ಮೇಯ್ನ್ ರಾಜ್ಯದ ಹೆರಾಲ್ಡ್ ಪೇಸನ್ 'ದಿಢೀರ್ ದೋಣಿ'ಗಳೆಂದು ಜನಪ್ರಿಯಗೊಳಿಸಿದ. ಹೆಚ್ಚಾಗಿ ಚಪ್ಪಟೆ ತಳ, ನೇರ ಬದಿ. ಚೆಲುವಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಇದ್ದೇ ಇತ್ತು. ಅದೇ ಕಾಲದಲ್ಲಿ ಮಿಚಿಗನ್‌ನ ಗೂಜನ್ ಸಹೋದರರು ದೋಣಿಗೆ ಒಗ್ಗುವ ಎಪಾಕ್ಸಿಯನ್ನು ಮಾರುಕಟ್ಟೆಗೆ ತಂದರು. ಮರವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವ ಈ ಅಂಟು ಹಳೆಯ ಪಾಲಿಯೆಸ್ಟರ್ ರಾಳದ ಜಾಗವನ್ನು ಕ್ರಮೇಣ ತೆಗೆದುಕೊಂಡಿತು.

ಭಾರತದಲ್ಲಿ ಈ ವಿದ್ಯೆ ಹವ್ಯಾಸವಾಗಿ ಬೆಳೆಯಲಿಲ್ಲ, ಹೊಟ್ಟೆಪಾಡಿಗೆ ಒದಗಿತು. 1980ರ ದಶಕದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ದೋಣಿ ವಿನ್ಯಾಸಕಾರ ಪಿಯರ್ ಜಿಲೆ ಮತ್ತು ಮೀನುಗಾರರ ಸಂಘಗಳು ಇದೇ ತಂತಿ ಹೊಲಿಗೆಯಲ್ಲಿ ಕಡಲಿಗಿಳಿಯುವ ಪ್ಲೈವುಡ್ ದೋಣಿಗಳನ್ನು ಕಟ್ಟತೊಡಗಿದವು. ಕೊರೆದು ದೋಣಿ ಮಾಡುವಂಥ ದಪ್ಪ ದಿಮ್ಮಿ ದುಬಾರಿಯೂ ದುರ್ಲಭವೂ ಆಗಿದ್ದ ದಿನಗಳವು. ಹೊರಗೆ ಕಟ್ಟುವ ಮೋಟಾರಿನ ಜೊತೆ ಈ ದೋಣಿಗಳು ಕೇರಳದ ತೀರಕ್ಕೂ ಹಬ್ಬಿದವು. ಇವಕ್ಕೆ ಬೇಕಾದ ಮರೈನ್ ಪ್ಲೈವುಡ್‌ಗೆ ಐಎಸ್ 710 ಎಂಬ ಭಾರತೀಯ ಮಾನಕವಿದೆ. ಹಾಳೆ ಕೊಳ್ಳಲು ಹೋದಾಗ ಈ ಸಂಖ್ಯೆ ಹೆಚ್ಚಾಗಿ ಕಿವಿಗೆ ಬೀಳುವುದು ಅಡುಗೆಮನೆಯ ಕಪಾಟು ಮಾಡಿಸುವವರಿಗೆ.