ಹಳೆಯ ಯೆಜ್ದಿಯ ಕವಲು
1960ರ ದಶಕದಿಂದ ಜಾವಾ, ಬಳಿಕ ಯೆಜ್ದಿ ಬೈಕುಗಳನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿನ ಯೆಜ್ದಿ ನಿಮ್ಮ ಮನೆಯಲ್ಲಿದ್ದರೆ ಮುಂಚಕ್ರದ ಕವಲನ್ನು ಗಮನಿಸಿ. ಒಂದರೊಳಗೊಂದು ಜಾರುವ ಕೊಳವೆ, ಸ್ಪ್ರಿಂಗ್, ಜೊತೆಗೆ ತೈಲ. ತೈಲವಿರುವ ಇಂಥ ಕವಲನ್ನು 1935ರಲ್ಲಿ ಮಾರುಕಟ್ಟೆಗೆ ತಂದದ್ದು ಜರ್ಮನಿಯ ಬಿಎಂಡಬ್ಲ್ಯು. ಸ್ಪ್ರಿಂಗ್ ಹೊಡೆತದ ಶಕ್ತಿಯನ್ನು ಕೂಡಿಡುತ್ತದೆ, ಅಷ್ಟೆ. ಕಿರುರಂಧ್ರಗಳಲ್ಲಿ ನುಗ್ಗುವ ತೈಲವೇ ಅದನ್ನು ಉಷ್ಣವಾಗಿಸಿ ಆಂದೋಲನವನ್ನು ಅಡಗಿಸುತ್ತದೆ.

ಹ್ಯಾಂಡಲನ್ನು ಒತ್ತಿ ಬಿಡಿ. ಬೈಕು ಮತ್ತೆ ಮತ್ತೆ ಕುಣಿದರೆ ಅವಮಂದನ ಕುಂದಿದೆ ಎಂದರ್ಥ. ರಬ್ಬರ್ ಸೀಲ್ ಮಾತ್ರ ಸವೆದಿದ್ದರೆ ಸೀಲ್, ತೈಲ ಬದಲಿಸಿದರೆ ಸಾಕು. ಆದರೆ ಕಾನಸೂರಿನಂಥ ಮಳೆಯೂರಿನಲ್ಲಿ ಕ್ರೋಮಿಯಂ ಲೇಪ ಕಿತ್ತು ಕೊಳವೆಗೆ ತುಕ್ಕು ಹಿಡಿಯುವುದುಂಟು. ಆ ಗುಳಿಗಳು ಹೊಸ ಸೀಲನ್ನೂ ಹರಿಯುತ್ತವೆ. ಉಗುರು ಆಡಿಸಿ ನೋಡಿ. ತಡೆದರೆ ಕೊಳವೆ ಬದಲಿಸಬೇಕು, ಇಲ್ಲವೇ ಮತ್ತೆ ಲೇಪ ಹಾಕಿಸಿ ಅಳತೆಗೆ ಉಜ್ಜಿಸಬೇಕು. ಕೊಳವೆ ಬಾಗಿಲ್ಲವಾದರೆ ನನ್ನ ಒಲವು ಎರಡನೆಯದಕ್ಕೆ.