ಕುಸ್ತಿಯಲ್ಲಿ ಗುದ್ದಿಗೇನು ಕೆಲಸ?

ಹಿಡಿದು ಕೆಡವುವುದು ಕುಸ್ತಿ, ಗುದ್ದುವುದು ಬಾಕ್ಸಿಂಗ್. ಇವೆರಡೂ ಬೇರೆ ಬೇರೆ ವಿದ್ಯೆಗಳೆಂದೇ ನಾವು ತಿಳಿದಿದ್ದೇವೆ. ಯುರೋಪಿನ ಹಳೆಯ ಕುಸ್ತಿ ಗ್ರಂಥಗಳ ಅನುವಾದ ಓದುತ್ತಾ ಹೋದಂತೆ, ಈ ಗೆರೆ ವಿದ್ಯೆಯದ್ದಲ್ಲ, ಸಂದರ್ಭದ್ದು ಎಂದು ನನಗನ್ನಿಸಿದೆ.

1410ರ ಸುಮಾರಿಗೆ ಇಟಲಿಯ ಫಿಯೋರೆ ದೇಯಿ ಲಿಬೇರಿ ಎಂಬ ಕತ್ತಿವರಸೆಯ ಗುರು ಫೆರಾರಾದ ಅರಸನಿಗಾಗಿ ಒಂದು ಗ್ರಂಥ ಬರೆದ. ಅವನ ಪ್ರಕಾರ ಕುಸ್ತಿ ಎರಡು ಬಗೆ. ಒಂದು ವಿನೋದಕ್ಕೆ, ಇನ್ನೊಂದು ಪ್ರಾಣಕ್ಕೆ. ಎರಡನೆಯದಕ್ಕೆ ಹಿಡಿತ, ಕೈ ಮುರಿಯುವ ಪಟ್ಟುಗಳ ಜೊತೆಗೆ ಹೊಡೆತವೂ ಬೇಕು. ಎಲ್ಲಿ ಹೊಡೆಯಬೇಕು? ಕಣ್ಣು, ಮೂಗು, ಕಣತಲೆ, ಗಲ್ಲದ ಕೆಳಗೆ, ಪಕ್ಕೆ.

ಅದೇ ಶತಮಾನದ ಜರ್ಮನ್ ಹಸ್ತಪ್ರತಿಗಳಲ್ಲಿ ಇಂಥ ಹೊಡೆತಗಳಿಗೆ 'ಮೋರ್ಡ್‌ಷ್ಟೋಸ' ಎಂಬ ಹೆಸರೇ ಇದೆ. ಕೊಲ್ಲುವ ಗುದ್ದು ಎಂದರ್ಥ. ಹೆಸರು ಭಯಂಕರವಾದರೂ ಅದರ ಕೆಲಸ ಬಹುಮಟ್ಟಿಗೆ ದಾರಿ ಬಿಡಿಸುವುದು. ಎದುರಾಳಿ ಮೈ ಬಿಗಿಹಿಡಿದು ನಿಂತಾಗ ಎದೆಗೊಂದು ಗುದ್ದು ಬಿದ್ದರೆ ಅವನ ಗಮನ ತಪ್ಪುತ್ತದೆ. ಆ ಕ್ಷಣದಲ್ಲಿ ಕಾಲು ಕೊಟ್ಟು ಕೆಡವಬೇಕು. ಬರೀ ಗುದ್ದಿಕೊಂಡೇ ಯಾಕೆ ಗೆಲ್ಲಬಾರದು? ಆ ಕಾಲದ ಗಂಡಸರ ಸೊಂಟದಲ್ಲಿ ಬಾಕು ಇರುತ್ತಿತ್ತು. ದೂರ ನಿಂತು ಗುದ್ದಿದರೆ ಅವನ ಕೈ ಬಾಕಿಗೆ ಹೋಗುತ್ತದೆ. ಉಕ್ಕಿನ ಕವಚ ತೊಟ್ಟವನಿಗೆ ಗುದ್ದಿದರೆ ಮುರಿಯುವುದು ನಮ್ಮ ಬೆರಳೇ.

1539ರಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ಅಚ್ಚಾದ ಫಾಬಿಯನ್ ಫಾನ್ ಔಅರ್ಸ್‌ವಾಲ್ಡ್‌ನ ಕುಸ್ತಿ ಪುಸ್ತಕದ ಹದವೇ ಬೇರೆ. ಚಿತ್ರಗಳು ಕ್ರಾನಾಖ್‌ನ ಕಾರ್ಯಾಗಾರದವು. ಅಲ್ಲಿನದು ಹೆಚ್ಚಾಗಿ ಸ್ನೇಹದ ಕುಸ್ತಿ. ಆದರೂ ಕೆಲವು ಪಟ್ಟುಗಳ ಬಳಿ, ಇದು ಸ್ನೇಹದ ಆಟಕ್ಕಲ್ಲ ಎಂಬರ್ಥದ ಎಚ್ಚರಿಕೆ ಇದೆ. ಅಂದರೆ ಆ ಮುದುಕನಿಗೆ ಎಲ್ಲವೂ ಗೊತ್ತಿತ್ತು. ಯಾವುದನ್ನು ಎಲ್ಲಿ ಬಿಡಬೇಕೆಂಬುದೂ ಗೊತ್ತಿತ್ತು.

1674ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮ್‌ನ ನಿಕೊಲಾಸ್ ಪೆಟ್ಟರ್‌ನ ಪುಸ್ತಕದಲ್ಲಿ ಊರೊಳಗಿನ ಜಗಳ ಕಾಣುತ್ತದೆ. ಎದೆಯ ಅಂಗಿ ಹಿಡಿದವನನ್ನು, ಮುಷ್ಟಿ ಬೀಸಿದವನನ್ನು, ಚಾಕು ತೆಗೆದವನನ್ನು ಹೇಗೆ ತಡೆಯಬೇಕು ಎಂಬುದೇ ಅದರ ವಿಷಯ. ಗುದ್ದು ಮತ್ತೆ ಬಂದಿದೆ, ಏಕೆಂದರೆ ಸಂದರ್ಭ ಬದಲಾಗಿದೆ.

ಇಲ್ಲಿ ಪುಣೆಯಲ್ಲಿ ತಾಲೀಮಿಗೆ ಹೋಗುವ ನನ್ನ ಮಗ ಮೊನ್ನೆ ಕೇಳಿದ: "ಅಪ್ಪಾ, ಗುದ್ದೋದೇ ಇಲ್ಲ ಅಂದ್ಮೇಲೆ ಇದು ನಿಜವಾದ ಕಾಳಗ ಹೆಂಗಾಗುತ್ತೆ?" ಔಅರ್ಸ್‌ವಾಲ್ಡ್‌ನ ಆ ಎಚ್ಚರಿಕೆಗಳ ಬಗ್ಗೆ ಹೇಳಿದೆ. ಗುದ್ದದಿರುವುದು ಕುಸ್ತಿಯ ಕೊರತೆಯಲ್ಲ ಮಗನೇ, ನಾಳೆಯೂ ಇದೇ ಜೊತೆಗಾರನ ಜೊತೆ ಆಡಬೇಕೆಂದು ಇಬ್ಬರೂ ಮಾಡಿಕೊಂಡ ಒಪ್ಪಂದ ಅಂದೆ.