ಇಲಿ ಬಿತ್ತು

ನಮ್ಮಜ್ಜಿ ಇಲಿ ಸತ್ತಿತು ಅಂತ ಯಾವತ್ತೂ ಹೇಳಿದವಳಲ್ಲ. ಇಲಿ ‘ಬಿತ್ತು’ ಅನ್ನುತ್ತಿದ್ದಳು. ಬೆಟ್ಟದಪುರದ ನಮ್ಮ ಹಳೇ ನಾಡಹೆಂಚಿನ ಮನೆಯಲ್ಲಿ ರಾತ್ರಿ ಅಟ್ಟದ ಮೇಲೆ ದಡಬಡ ಶುರುವಾದರೆ ನಾನು ಕಂಬಳಿಯನ್ನು ಮುಖಕ್ಕೆಳೆದುಕೊಳ್ಳುತ್ತಿದ್ದೆ. ಅವಳು ಮಗ್ಗುಲು ಬದಲಿಸಿ, “ಓಡಾಡ್ಲಿ ಬುಡು ಮಗ, ಅವು ಓಡಾಡ್ತಿದ್ರೆ ಮನೆ ನೆಟ್ಟಗದೆ ಅಂತ” ಅಂದು ಗೊರಕೆ ಹೊಡೆಯುತ್ತಿದ್ದಳು.

ಹಗಲು ನೋಡಿದರೆ ಇಲಿಗೆ ಅವಳಷ್ಟು ವೈರಿ ಬೇರೆ ಯಾರೂ ಇರಲಿಲ್ಲ. ನಡುಮನೆಯ ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ, ಅದರ ತುಂಬ ರಾಗಿ. ಬೇಕಾದಾಗ ರಾಗಿ ಬಿಟ್ಟುಕೊಳ್ಳುವುದಕ್ಕೆ ಬುಡದಲ್ಲಿ ಒಂದು ತೂತು, ಅದಕ್ಕೆ ಬಟ್ಟೆಯ ಬಿರಡೆ. ಇಲಿಗಳಿಗೆ ಆ ಬಿರಡೆಯ ಮೇಲೇ ಕಣ್ಣು. ಬೆಳಗ್ಗೆ ಎದ್ದರೆ ಬಟ್ಟೆ ಚಿಂದಿಯಾಗಿ, ನೆಲದಲ್ಲಿ ರಾಗಿ ಸಣ್ಣ ಗುಡ್ಡೆಯಾಗಿ ಸುರಿದಿರುತ್ತಿತ್ತು. ಕೊನೆಗೆ ಅಜ್ಜಿ ತೆಂಗಿನ ಚಿಪ್ಪು ಕವುಚಿ, ಸುತ್ತ ಸಗಣಿಗೆ ಕೆಮ್ಮಣ್ಣು ಕಲಸಿ ಮೆತ್ತಿದಳು. ಚಿಪ್ಪಿನ ಅಂಚಿನಲ್ಲಿ ಹಲ್ಲಿನ ಗೀರು ಬಿದ್ದವೇ ಹೊರತು ದಾರಿ ಬಿಡಲಿಲ್ಲ. ಆ ಗೀರುಗಳನ್ನು ಬೆರಳಲ್ಲಿ ಸವರಿ ತೋರಿಸುವಾಗ ಅವಳ ಮುಖ ನೋಡಬೇಕಿತ್ತು.

ಹೆಚ್ಚಿನ ರಾಗಿ ಇದ್ದವರದು ಹಗೇವು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿದ ಗುಂಡಿ; ಒಳಗೆ ಹುಲ್ಲಿನ ಹಾಸು, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ಮುಚ್ಚಿದ ಮೇಲೆ ಒಳಗಿನ ಗಾಳಿ ಕೆಡುತ್ತದೆ. ಹುಳವಾಗಲಿ ಇಲಿಯಾಗಲಿ ಉಸಿರಾಡುವುದಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ. ರಾಗಿ ಮಾತ್ರ ವರ್ಷಗಟ್ಟಲೆ ಕೆಡದೆ ಕೂತಿರುತ್ತದೆ. ಮನುಷ್ಯನಿಗೂ ಹುಳದ ಗತಿಯೇ ಆದ್ದರಿಂದ ಹಗೇವು ತೆಗೆದ ದಿನ ಯಾರೂ ಆತುರಪಟ್ಟು ಇಳಿಯುವ ಹಾಗಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಇಲಿಯನ್ನು ಹೊರಗಿಡುವುದಕ್ಕೆ ಇದಕ್ಕಿಂತ ಗಟ್ಟಿ ಉಪಾಯ ನಾನು ಈವರೆಗೆ ಕಂಡಿಲ್ಲ. ಸಿಮೆಂಟು ಗೋದಾಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಬೆಟ್ಟ ಅಗೆದು ಇಲಿ ಹಿಡಿದರಂತೆ ಅನ್ನುವ ಗಾದೆಯನ್ನು ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿ ಕೂತು ಕೇಳಿದರೆ ನಗು ಬರುತ್ತದೆ. ನಮಗೆ ಬೆಟ್ಟದವರೆಗೂ ಹೋಗುವ ಕೆಲಸವಿರಲಿಲ್ಲ, ಮನೆಯ ಮಣ್ಣಿನ ಗೋಡೆ ಸಾಕಿತ್ತು. ಬಿಲಕ್ಕೆ ಗಾಜಿನ ಚೂರು ತುರುಕಿ ಮಣ್ಣು ಮೆತ್ತಿದರೆ ಮಾರನೇ ದಿನ ಒಂದು ಗೇಣು ಪಕ್ಕದಲ್ಲಿ ಹೊಸ ಬಾಗಿಲು. ಮರದ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸುವುದು ಅಪ್ಪನ ಕೆಲಸ. ಕೊಬ್ಬರಿಯನ್ನು ಒಲೆಯ ಕೆಂಡದಲ್ಲಿ ಸುಟ್ಟೇ ಸಿಕ್ಕಿಸಬೇಕು, ಕಮಟು ವಾಸನೆಗೇ ಇಲಿ ಬರುವುದು. ನಡುರಾತ್ರಿ ‘ಟಪ್’ ಅಂದರೆ ಅಪ್ಪ ಎದ್ದು ಹೋಗಿ ನೋಡುತ್ತಿದ್ದರು. ಎಷ್ಟೋ ಸಲ ಒಳಗೆ ಸಿಕ್ಕಿರುತ್ತಿದ್ದದ್ದು ಸೊಂಡಿಲಿ. ಅದರ ನಾತಕ್ಕೆ ಬೆಕ್ಕೂ ಹತ್ತಿರ ಹೋಗುತ್ತಿರಲಿಲ್ಲ.

ಇಷ್ಟೆಲ್ಲ ಹಗೆ ಸಾಧಿಸುತ್ತಿದ್ದ ಅಜ್ಜಿಗೆ ರಾತ್ರಿಯ ಓಡಾಟ ಯಾಕೆ ಹಿತವಾಗಿತ್ತು ಅನ್ನುವುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅವಳ ತವರು ಹುಣಸೂರಿನ ಕಡೆ. ಅವಳಿಗೆ ಏಳೋ ಎಂಟೋ ವರ್ಷ ಇದ್ದಾಗ ಒಂದು ಸಂಜೆ ಅಟ್ಟದಿಂದ ಇಲಿಯೊಂದು ಒಲೆಯ ಪಕ್ಕಕ್ಕೆ ಪೊತ್ತೆಂದು ಬಿತ್ತಂತೆ. ಬಿದ್ದದ್ದು ಒಂದು ಸುತ್ತು ಗಿರಕಿ ಹೊಡೆದು ಸುಮ್ಮನಾಯಿತು. ಅವರಮ್ಮ ಕಿರುಚಲಿಲ್ಲ, ಮುಟ್ಟಲಿಲ್ಲ. ಬೇಯುತ್ತಿದ್ದ ಹಿಟ್ಟಿನ ಗಡಿಗೆಯನ್ನು ಒಲೆಯ ಮೇಲೇ ಬಿಟ್ಟು ಮಕ್ಕಳನ್ನೆಲ್ಲ ಬೀದಿಗೆ ಕರೆದುಕೊಂಡು ಬಂದರು. ಕತ್ತಲಾಗುವ ಮೊದಲು ದನಕರು, ಪಾತ್ರೆ ಪಡಗ ಸಮೇತ ಹೊಲಕ್ಕೆ ಹೊರಟರು. ತೆಂಗಿನ ಗರಿಯ ಗುಡ್ಲು ಹಾಕಿಕೊಂಡು ಮೂರು ತಿಂಗಳು ಅಲ್ಲೇ ಬಾಳಿದರು.

ಅದು ಪ್ಲೇಗಿನ ಕಾಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಬೇನೆ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಮೈಸೂರನ್ನೂ ಬಿಡಲಿಲ್ಲ. ಆಮೇಲೆ ಹತ್ತಾರು ವರ್ಷ ನಮ್ಮ ಸೀಮೆಯಲ್ಲಿ ಬಂದು ಹೋಗಿ ಮಾಡುತ್ತಿತ್ತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯ ಅಗಲ ಬೀದಿಗಳು ಬೆಳೆದದ್ದು ಆ ಹೆದರಿಕೆಯಲ್ಲೇ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಹಳ್ಳಿಗೆ ಮಂಡಳಿ ಎಲ್ಲಿಂದ ಬರಬೇಕು? ಹಳ್ಳಿಯ ಉಪಾಯ ಒಂದೇ: ಇಲಿ ಬಿದ್ದರೆ ಊರು ಬಿಡು.

ಅದು ಸರಿಯಾದ ಉಪಾಯವೇ ಆಗಿತ್ತು. ಬೆಂಗಳೂರಿಗೆ ಪ್ಲೇಗು ಬಂದ ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಇಲಿಯಿಂದ ಮನುಷ್ಯನಿಗೆ ರೋಗ ಹೊತ್ತು ತರುವುದು ಚಿಗಟ ಎಂದು ಕಂಡುಕೊಂಡ. ಇಲಿ ಬದುಕಿರುವವರೆಗೆ ಚಿಗಟ ಅದರ ಮೈಯಲ್ಲೇ ಇರುತ್ತದೆ. ಇಲಿ ಸತ್ತು ಮೈ ತಣ್ಣಗಾದರೆ ಬೆಚ್ಚಗಿನ ಇನ್ನೊಂದು ಮೈ ಹುಡುಕಿ ಹೊರಡುತ್ತದೆ. ಆತನ ಮಾತನ್ನು ವೈದ್ಯಲೋಕ ನಂಬುವುದಕ್ಕೆ ಇನ್ನೂ ಹಲವು ವರ್ಷ ಹಿಡಿಯಿತು. ಅಜ್ಜಿಯ ತಾಯಿಗೆ ಚಿಗಟದ ಸಮಾಚಾರ ಗೊತ್ತಿರಲಿಲ್ಲ, ಬಿದ್ದ ಇಲಿಯ ಹತ್ತಿರ ನಿಲ್ಲಬಾರದು ಅನ್ನುವುದು ಮಾತ್ರ ಗೊತ್ತಿತ್ತು.

ಮೂರು ತಿಂಗಳ ಮೇಲೆ ಹೆಂಚು ಇಳಿಸಿ, ಒಳಗೆಲ್ಲ ಬಿಸಿಲು ಬೀಳಿಸಿ, ಸುಣ್ಣ ಬಳಿದು ಮನೆಗೆ ವಾಪಸಾದರು. ಗುಡ್ಲಿಗೆ ಹೋದಾಗ ಆರು ಜನ, ಬಂದಾಗ ಐದು. “ನನ್ ತಮ್ಮ ಹೊಲದಲ್ಲೇ ಉಳ್ಕಂಡ” ಅನ್ನುತ್ತಿದ್ದಳು, ಅಷ್ಟೇ.

ಮುಳಬಾಗಿಲಿನಲ್ಲಿ 1966ರಲ್ಲಿ ಪ್ಲೇಗು ಕಾಣಿಸಿಕೊಂಡದ್ದೇ ಕೊನೆ, 1994ರ ಸೂರತ್ತಿನ ಗಾಬರಿಯವರೆಗೆ ದೇಶದಲ್ಲಿ ಅದರ ಸುದ್ದಿ ಇರಲಿಲ್ಲ. ಅಷ್ಟರಲ್ಲಿ ಪಾಷಾಣದ ಕಾಲ ಬಂದಿತ್ತು. ಗ್ರಾಮಸೇವಕರು ಮನೆ ಜಗುಲಿಯಲ್ಲಿ ಕೂತು ಲೆಕ್ಕ ಹೇಳಿಕೊಡುತ್ತಿದ್ದರು: 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಸತುವಿನ ಫಾಸ್ಫೈಡು. ಮೊದಲ ಎರಡು ಮೂರು ದಿನ ವಿಷವಿಲ್ಲದ ನುಚ್ಚು ಇಟ್ಟು ಇಲಿಯ ನಂಬಿಕೆ ಗಳಿಸಬೇಕು, ಆಮೇಲೆ ಬೆರೆಸಿದ್ದು. ಬೂದು ಬಣ್ಣದ ಪುಡಿ, ಬೆಳ್ಳುಳ್ಳಿಯ ವಾಸನೆ. ಒಂದು ಇಲಿ ತಿಂದು ಹೇಗೋ ಬದುಕಿಕೊಂಡರೆ ಮತ್ತೆ ಆ ನುಚ್ಚಿನ ಕಡೆ ಮೂಸಿಯೂ ನೋಡುವುದಿಲ್ಲ. ನಮ್ಮ ಮನೆಯಲ್ಲಿ ನಂಬಿಕೆ ಗಳಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ನಾನೇ ಮೊದಲ ರಾತ್ರಿಗೇ ವಿಷ ಬೆರೆಸಿಟ್ಟೆ. ಬೆಳಗ್ಗೆ ನಮ್ಮ ಕರಿಬೆಕ್ಕು ಬಾವಿಕಟ್ಟೆಯ ಪಕ್ಕ ಕಾಲು ಚಾಚಿ ಮಲಗಿತ್ತು, ಇಲಿಗಳು ಎಂದಿನಂತೆ ಅಟ್ಟದಲ್ಲಿದ್ದವು. ಅಜ್ಜಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ವಾಡೆ ಇಲ್ಲ, ಅಟ್ಟವೂ ಇಲ್ಲ. ಆರ್‌ಸಿಸಿ ಮನೆ. ರಾಗಿ, ಮುಸುಕಿನ ಜೋಳವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ, ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಕೋಣೆಯಲ್ಲಿ. ಅಂಗಡಿಯಲ್ಲಿ ಬ್ರೊಮಾಡಿಯೊಲೋನ್ ಬಿಲ್ಲೆ ಸಿಗುತ್ತದೆ. ತಿಂದ ಇಲಿ ನಾಲ್ಕಾರು ದಿನ ಆರಾಮಾಗಿ ಓಡಾಡಿ, ಒಳಗೇ ರಕ್ತ ಸೋರಿ ಸಾಯುತ್ತದೆ. ಯಾವುದರಿಂದ ಸತ್ತಿತು ಅಂತ ಮಿಕ್ಕ ಇಲಿಗಳಿಗೆ ಗೊತ್ತಾಗುವುದಿಲ್ಲ.

ಹೋದ ಮಳೆಗಾಲದಲ್ಲಿ ಹೀಗೇ ಬಿಲ್ಲೆ ಇಟ್ಟಿದ್ದೆ. ಐದನೇ ದಿನ ಮೊಮ್ಮಗ ಸತ್ತ ಇಲಿಯೊಂದನ್ನು ಬಾಲ ಹಿಡಿದು ಎತ್ತಿಕೊಂಡು, ಬಹುಮಾನ ತಂದವನ ಹಾಗೆ ನಡುಮನೆಗೆ ಬಂದ. ನಾನು ಹಾಕಿದ ಕೂಗಿಗೆ ಸೊಸೆ ಅಡುಗೆಮನೆಯಿಂದ ಓಡಿಬಂದಳು. ಇಲಿಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಿಲಿಗೆ ಒಯ್ದೆ, ಸೀಮೆಎಣ್ಣೆ ಸುರಿದು ಸುಟ್ಟೆ. ಹುಡುಗನ ಕೈಯನ್ನು ಸೋಪು ಹಾಕಿ ಮೂರು ಸಲ ತೊಳೆಸಿದೆ.

“ಯಾಕ್ ತಾತ ಅಷ್ಟು ಕಿರುಚಿದ್ದು?”

“ಇಲಿ ಬಿತ್ತಲ್ಲೋ” ಅಂದೆ.

ಅವನು ತಲೆಯೆತ್ತಿ ಸುಣ್ಣ ಬಳಿದ ಬೋಳು ತಾರಸಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೂ ನೋಡಿದ. “ಎಲ್ಲಿಂದ?” ಅಂದ.